ಮಗಳ ಕಾರ್ಡಿನ ಮೇಲೆ ಬಂದ ಕಣ್ಣಿನ ಮದ್ದು

ಕೆಂಗಲ್ ಹತ್ತಿರದ ಶಾಲೆಯೊಂದರಲ್ಲಿ ಉಚಿತವಾಗಿ ಕಣ್ಣು ನೋಡುತ್ತಾರೆ ಎಂದು ಆಟೋದಲ್ಲಿ ಮೈಕು ಕಟ್ಟಿಕೊಂಡು ಕೂಗುತ್ತಾ ಹೋದರು. ನಾನೂ ಹೋದೆ. ಬಸ್ಸಿಳಿದು ಆಂಜನೇಯನ ಗುಡಿಗೆ ಕೈ ಮುಗಿದಾಗ ಬೇಡಿಕೊಂಡದ್ದು ಒಂದೇ: ನನ್ನ ಕಣ್ಣಿಗೆ ಪೊರೆ ಬಂದಿರಲಿ. ಕೇಳಿದವರಿಗೆ ವಿಚಿತ್ರ ಅನ್ನಿಸಬಹುದು. ನಮ್ಮ ಬೀದಿಯ ಹೆಂಗಸರು ಕೆಲವರು ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದು, ತಿಂಗಳು ತುಂಬುವಷ್ಟರಲ್ಲಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂತಿದ್ದರು. ಪೊರೆಯೆಂದರೆ ತೆಗೆದರೆ ಹೋಗುವ ಕಾಯಿಲೆ. ಅಂಥದೇ ನನಗೂ ಇರಲಿ ಎಂದು ಆಸೆಪಟ್ಟೆ.

ನನ್ನ ಕಣ್ಣಿನ ದೋಷವನ್ನು ಮೊದಲು ಕಂಡುಹಿಡಿದವರು ಬಾಷಾ ಸಾಬ್ರು. ಚನ್ನಪಟ್ಟಣದಲ್ಲಿ ಅವರದೊಂದು ಗೊಂಬೆ ಮಾಡುವ ಸಣ್ಣ ಕಾರ್ಖಾನೆ. ನನ್ನ ಗಂಡ ತೀರಿಕೊಂಡ ಮೇಲೆ ಅಲ್ಲಿ ಕೆಲಸಕ್ಕೆ ಸೇರಿದ್ದೆ. ಮೋಟಾರಿನಲ್ಲಿ ತಿರುಗುವ ಹಾಲೆಮರದ ತುಂಡಿಗೆ ಅರಗಿನ ಬಣ್ಣದ ಕಡ್ಡಿ ಒತ್ತಿ ಹಿಡಿಯುವುದು, ಅದು ಬಿಸಿಗೆ ಕರಗಿ ಹತ್ತಿಕೊಂಡ ಮೇಲೆ ತಾಳೆಗರಿಯಿಂದ ತಿಕ್ಕಿ ಹೊಳಪು ತರುವುದು ನನ್ನ ಕೆಲಸ. ಬುಗುರಿ ಮುಗಿದಂತೆಲ್ಲ ಬಲಗಡೆಯ ತಟ್ಟೆಗೆ ಹಾಕಬೇಕು. ನಾನು ತಟ್ಟೆಯ ಆಚೆಗೆ ಹಾಕುತ್ತಿದ್ದೆ. ಬುಗುರಿಗಳು ನೆಲಕ್ಕೆ ಬಿದ್ದು ಉರುಳುತ್ತಿದ್ದವು.

“ಗೌರಮ್ಮ, ನಿಮ್ಗೆ ಬಲಗಡೆ ಕಾಣ್ತಾ ಇಲ್ಲ,” ಅಂದರು ಸಾಬ್ರು ಒಂದು ದಿನ. “ನಾನು ಪಕ್ಕದಲ್ಲಿ ಬಂದು ನಿಂತ್ರೂ ನಿಮ್ಗೆ ಗೊತ್ತಾಗಲ್ಲ. ಒಸಿ ತೋರಿಸ್ಕೊಳ್ಳಿ.”

ಶಿಬಿರದ ಡಾಕ್ಟರು ಚಿಕ್ಕ ವಯಸ್ಸಿನವರು. ನನಗಿಂತ ಮುಂದಿದ್ದವರನ್ನೆಲ್ಲ ಬೇಗ ಬೇಗ ನೋಡಿ ಕಳಿಸುತ್ತಿದ್ದವರು ನನ್ನ ಸರದಿ ಬಂದಾಗ ನಿಧಾನಿಸಿದರು. ಯಂತ್ರದ ಮೇಲೆ ಗದ್ದ ಇಡಿಸಿ ಬಹಳ ಹೊತ್ತು ನೋಡಿದರು. 

“ಇದು ಪೊರೆ ಅಲ್ಲ ಅಮ್ಮ. ಕಣ್ಣೊಳಗಿನ ಒತ್ತಡ ಜಾಸ್ತಿ ಆಗಿದೆ. ಗ್ಲಾಕೋಮಾ ಅಂತೀವಿ. ಬಲಗಣ್ಣಲ್ಲಿ ಪಕ್ಕದ ನೋಟ ಸುಮಾರು ಹೋಗಿದೆ.”

“ಆಪರೇಷನ್ ಮಾಡುದ್ರೆ ಬರಾಕಿಲ್ವಾ ಸಾರ್?”

“ಹೋಗಿರೋದು ಬರಲ್ಲ. ಇರೋದನ್ನ ಉಳಿಸ್ಕೋಬಹುದು. ಡ್ರಾಪ್ಸ್ ಬರೆದು ಕೊಡ್ತೀನಿ. ಮಲಗೋ ಮುಂಚೆ ಎರಡೂ ಕಣ್ಣಿಗೆ ಒಂದೊಂದು ಹನಿ.”

“ಎಷ್ಟು ದಿನ ಹಾಕ್ಬೇಕು?”

ಅವರು ಬರೆಯುತ್ತಿದ್ದುದನ್ನು ಬಿಟ್ಟು ತಲೆ ಎತ್ತಿದರು. “ನಿಲ್ಲಿಸೋ ಹಾಗಿಲ್ಲ ಅಮ್ಮ,” ಅಂದರು.

ಪೊರೆಯಿದ್ದವರನ್ನೆಲ್ಲ ಒಂದು ವ್ಯಾನಿಗೆ ಹತ್ತಿಸಿ ಆಪರೇಷನ್ನಿಗೆ ಕರೆದುಕೊಂಡು ಹೋದರು. ಅವರು ನಗುನಗುತ್ತಾ ಹತ್ತುವುದನ್ನು ನೋಡುತ್ತಾ ನಾನು ಶಾಲೆಯ ಜಗಲಿಯ ಮೇಲೆ ಚೀಟಿ ಹಿಡಿದು ಕೂತಿದ್ದೆ.

ಆ ಡ್ರಾಪ್ಸಿನ ಬಾಟ್ಲಿ ನನ್ನ ಹೆಬ್ಬೆರಳಿಗಿಂತ ದೊಡ್ಡದಿರಲಿಲ್ಲ. ಬೆಲೆ ಕೇಳಿದಾಗ ಮೆಡಿಕಲ್ ಸ್ಟೋರಿನ ಪ್ರಕಾಶ ಬೇರೆ ಯಾವುದೋ ಔಷಧದ ಬೆಲೆ ಹೇಳುತ್ತಿದ್ದಾನೆ ಅಂದುಕೊಂಡೆ. ನನ್ನ ಒಂದು ವಾರದ ಕೂಲಿ ಆ ಬಾಟ್ಲಿಗೆ ಸಾಕಾಗುತ್ತಿರಲಿಲ್ಲ. ತಿಂಗಳಿಗೊಂದು ಬಾಟ್ಲಿ, ನಾನಿರುವವರೆಗೆ.

ಅಲ್ಲಿಂದಾಚೆಗೆ ಆ ಅಂಗಡಿಯ ಮುಂದೆ ನಿಲ್ಲುವುದು ನನಗೆ ಅಭ್ಯಾಸವಾಯಿತು. ಸಂಜೆ ಹೊತ್ತು ಅಲ್ಲಿ ಬರುವವರಲ್ಲಿ ಹೆಚ್ಚಿನವರು ನನ್ನ ವಯಸ್ಸಿನವರೇ. ರೇಷ್ಮೆ ನೂಲು ಬಿಚ್ಚಿ ಬೆರಳು ಸುಕ್ಕಾದವರು, ಹೊಲ ಮಾಡುವವರು, ಹೂ ಮಾರುವವರು. ಯಾರೂ ಒಂದು ಶೀಟು ಮಾತ್ರೆ ಪೂರ್ತಿ ಕೇಳುತ್ತಿರಲಿಲ್ಲ. ಪಕ್ಕದವರಿಗೆ ಕೇಳಿಸದ ಹಾಗೆ ಗಲ್ಲಾದ ಮೇಲೆ ಬಾಗಿ, “ನಾಕು ಕೊಡಪ್ಪ, ಸಂತೆ ದಿನ ಮಿಕ್ಕಿದ್ದು ತಕ್ಕತೀನಿ,” ಅನ್ನುತ್ತಿದ್ದರು. ಪ್ರಕಾಶ ಕತ್ತರಿಯಲ್ಲಿ ಶೀಟು ಕತ್ತರಿಸಿ ಕೊಡುತ್ತಿದ್ದ. ಕತ್ತರಿಸಿದ ತುಂಡಿನಲ್ಲಿ ಮಾತ್ರೆಯ ಹೆಸರು ಕೂಡ ಪೂರ್ತಿ ಉಳಿಯುತ್ತಿರಲಿಲ್ಲ. ಎಲ್ಲರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಒಂದೇ ಕೆಲಸ ಮಾಡುತ್ತಿದ್ದೆವು.

ಡ್ರಾಪ್ಸನ್ನು ಕತ್ತರಿಸಿ ಕೊಡುವುದಕ್ಕೆ ಬರುವುದಿಲ್ಲ. ಅದಕ್ಕೆ ನಾನೇ ಎಳೆದೆಳೆದು ಹಾಕತೊಡಗಿದೆ. ದಿನ ಬಿಟ್ಟು ದಿನ. ಬಾಟ್ಲಿ ಮುಗಿದರೆ ಕೈಯಲ್ಲಿ ಕಾಸು ಕೂಡುವವರೆಗೆ ಏನೂ ಇಲ್ಲ. ನೋವಿದ್ದಿದ್ದರೆ ಹೆದರುತ್ತಿದ್ದೆನೇನೋ. ಈ ಕಾಯಿಲೆಗೆ ನೋವಿಲ್ಲ. ಬೆಳಗ್ಗೆ ಎದ್ದರೆ ನಿನ್ನೆ ಕಂಡ ಬೀದಿಯೇ ಕಾಣುತ್ತದೆ, ನಿನ್ನೆ ಕಂಡ ಮುಖಗಳೇ ಕಾಣುತ್ತವೆ. ಅಂಚಿನಿಂದ ಒಂದೊಂದೇ ಎಳೆ ಹೋಗುವುದು ತಿಳಿಯುವುದಿಲ್ಲ.

ಮನೆಯಲ್ಲಿ ನಾನು, ಮಗಳು ಮಂಜುಳ ಇಬ್ಬರೇ. ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದವಳು. ಪಿಯುಸಿ ಮುಗಿಸಿ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದಳು. ಮರುವರ್ಷ ಬೆಂಗಳೂರಿನ ಕಣ್ಣಾಸ್ಪತ್ರೆಗೆ ತಪಾಸಣೆಗೆ ಹೋದಾಗ ಅವಳೂ ಬಂದಳು. ಒಂದು ಗೋಲದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಬಹಳ ಹೊತ್ತು ಒಂದು ಚುಕ್ಕಿಯೂ ಕಾಣಲಿಲ್ಲ. ಯಂತ್ರ ಕೆಟ್ಟಿರಬೇಕು ಅಂದುಕೊಂಡೆ. ಕೆಟ್ಟಿರಲಿಲ್ಲ. ಚುಕ್ಕಿಗಳು ಬರುತ್ತಲೇ ಇದ್ದವಂತೆ.

“ಡ್ರಾಪ್ಸ್ ಸರಿಯಾಗಿ ಹಾಕ್ತಿದ್ದಾರಾ?” ಎಂದು ಅಲ್ಲಿಯ ಡಾಕ್ಟರಮ್ಮ ಕೇಳಿದರು.

“ದಿನಾ ಹಾಕ್ಕೊತಾರೆ ಮೇಡಂ,” ಅಂದಳು ಮಂಜುಳ.

ರೈಲಿನಲ್ಲಿ ವಾಪಸು ಬರುವಾಗ ಅವಳು ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ಬಿಡದಿ ದಾಟಿದ ಮೇಲೆ, “ಅವ್ವ, ಕೊನೇ ಬಾಟ್ಲಿ ತಂದಿದ್ದು ಯಾವಾಗ?” ಎಂದು ಕೇಳಿದಳು. ನಾನು ಚೀಲದಲ್ಲಿ ಟಿಕೆಟು ಹುಡುಕತೊಡಗಿದೆ. ಮನೆಗೆ ಬಂದವಳು ನೇರ ದೇವರ ಗೂಡಿಗೆ ಹೋಗಿ ಬಾಟ್ಲಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಖಾಲಿಯಾಗಿ ಎಷ್ಟೋ ದಿನವಾಗಿತ್ತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾರನೇ ವಾರ ಕಂಪ್ಯೂಟರ್ ಕ್ಲಾಸು ಬಿಟ್ಟು ಬಿಡದಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಸೇರಿಕೊಂಡಳು. ಕಾರುಗಳ ಒಳಗೆ ಹಾಯಿಸುವ ವೈರುಗಳನ್ನು ಜೋಡಿಸಿ ಕಟ್ಟುವ ಕೆಲಸ. ಆಗ ಆ ಕಡೆ ದಿನಕ್ಕೊಂದು ಶೆಡ್ಡು ಏಳುತ್ತಿತ್ತು. ಬೆಳಗಿನ ರೈಲಿನ ತುಂಬಾ ಬಣ್ಣ ಬಣ್ಣದ ಕೋಟು ಹಾಕಿಕೊಂಡ ಹುಡುಗಿಯರೇ ಇರುತ್ತಿದ್ದರು.

ಕೆಲಸಕ್ಕೆ ಸೇರಿ ಕೆಲವು ತಿಂಗಳಾದ ಮೇಲೆ ಅವಳಿಗೆ ಕಾರ್ಮಿಕರ ವಿಮೆಯ ಕಾರ್ಡು ಬಂತು. ಅದರಲ್ಲಿ ನಮ್ಮಿಬ್ಬರ ಫೋಟೋ ಇತ್ತು. ಆ ಕಾರ್ಡು ತೋರಿಸಿದರೆ ಆಶ್ರಯದಲ್ಲಿರುವ ತಂದೆತಾಯಿಗೂ ಔಷಧ ಸಿಗುತ್ತದೆ. ಹೀಗೆ ನನ್ನ ಡ್ರಾಪ್ಸು ಪುಕ್ಕಟೆಯಾಯಿತು.

ಪ್ರತಿ ತಿಂಗಳೂ ವಿಮೆಯ ಚಿಕಿತ್ಸಾಲಯಕ್ಕೆ ಹೋಗುತ್ತಿದ್ದೆ. ಉದ್ದನೆಯ ಹಾಲು, ಗೋಡೆಗುಂಟ ಬೆಂಚುಗಳು. ಕಾದು ಕೂತವರಲ್ಲಿ ಅರ್ಧದಷ್ಟು ಜನ ನನ್ನಂಥವರೇ, ಕಾರ್ಖಾನೆ ಮಕ್ಕಳ ಅಪ್ಪ ಅಮ್ಮಂದಿರು. ಕಾರ್ಡು ಮಕ್ಕಳ ಹೆಸರಿನಲ್ಲಿ ಇರುವುದರಿಂದ ಕೂಗುವುದೂ ಮಕ್ಕಳ ಹೆಸರನ್ನೇ. “ಮಂಜುಳ” ಎಂದರೆ ನಾನು ಏಳಬೇಕು. ಮೊದಮೊದಲು ನಗು ಬರುತ್ತಿತ್ತು. ಅಲ್ಲಿ ನಮ್ಮ ಹೆಸರು ಯಾರಿಗೂ ಬೇಕಿರಲಿಲ್ಲ. ನಾನು ಮಂಜುಳನ ತಾಯಿ. ಪಕ್ಕದಲ್ಲಿ ಕೂರುತ್ತಿದ್ದ ಮುದುಕರು ಲೋಕೇಶನ ಅಪ್ಪ.

ಲೋಕೇಶನ ಅಪ್ಪ ಕುದೂರಿನವರು. ಬಿಪಿ ಮಾತ್ರೆಗೆ ಬರುತ್ತಿದ್ದರು. ಅಷ್ಟು ದೂರದಿಂದ ಬೆಳಗಿನ ಬಸ್ಸು ಹಿಡಿದು ಬಂದು, ಟವಲಿನ ತುದಿಯಲ್ಲಿ ಕಟ್ಟಿಕೊಂಡ ಕಡ್ಲೆಕಾಯಿ ಬಿಚ್ಚಿ ಅಕ್ಕಪಕ್ಕದವರಿಗೆಲ್ಲ ಹಂಚಿ ತಿನ್ನುತ್ತಿದ್ದರು. ನನ್ನ ಬಲಗಡೆ ಕೂತರೆ ನನಗೆ ಕಾಣುವುದಿಲ್ಲ ಎಂದು ಗೊತ್ತಾದ ಮೇಲೆ ಯಾವಾಗಲೂ ಎಡಗಡೆಗೆ ಬಂದು ಕೂರುತ್ತಿದ್ದರು. ಯಾರೂ ಹೇಳಿರಲಿಲ್ಲ. ತಾವಾಗಿಯೇ.

ಒಂದು ಸಲ ಬಂದವರು ಕಡ್ಲೆಕಾಯಿ ಬಿಚ್ಚಲಿಲ್ಲ. “ಇದೇ ಕೊನೆ ಕಣವ್ವ,” ಅಂದರು. “ನನ್ನ ಮಗ ಇದ್ದದ್ದು ಕಂಟ್ರಾಕ್ಟು. ಕಂಟ್ರಾಕ್ಟು ಮುಗೀತು ಅಂತ ಎಲ್ಲಾರ್ನೂ ಕಳ್ಸ್‌ಬುಟ್ರಂತೆ. ಕಾರ್ಡು ಇನ್ನು ನಡೆಯಾಕಿಲ್ಲ.”

“ಮಾತ್ರೆಗೇನ್ ಮಾಡೀರಿ?”

“ಏನ್ ಮಾಡಾದು. ಮಗನ ಕೆಲ್ಸ ಹೋದ್ರೆ ನನ್ನ ಮಾತ್ರೆನೂ ಹೋಯ್ತು. ಬಿಪಿಗೆ ಅದೆಲ್ಲಾ ಗೊತ್ತಾದಾತೇ?” ಎಂದು ನಕ್ಕರು. ಹೆಸರು ಕೂಗಿದಾಗ ಎದ್ದು ಹೋದರು. ಊರಿನಲ್ಲಿ ಯಾವ ಬೀದಿ, ಏನು ಹೆಸರು ಎಂದು ಕೇಳಬೇಕೆಂದು ಆಗ ನನಗೆ ಹೊಳೆಯಲಿಲ್ಲ. ಮುಂದಿನ ತಿಂಗಳು ಎಡಗಡೆಯಲ್ಲಿ ಬೇರೆ ಯಾರೋ ಕೂತಿದ್ದರು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಭಾನುವಾರ ಮಂಜುಳನ ಜೊತೆ ಕೆಲಸ ಮಾಡುವ ರೂಪ ಮನೆಗೆ ಬಂದಳು. ಕೈಯಲ್ಲಿ ಮೈಸೂರು ಪಾಕಿನ ಪೊಟ್ಟಣವಿತ್ತು. ಅವಳನ್ನು ಲೈನಿನ ಸೂಪರ್‌ವೈಸರ್ ಮಾಡಿದ್ದರಂತೆ. ಮಂಜುಳ ಒಳಗೆ ಕಾಫಿ ಸೋಸುತ್ತಿದ್ದಳು.

“ಇದು ನಂಗೆ ಬರೋದಲ್ಲ ಗೌರಮ್ಮಾರೆ, ಮಂಜಕ್ಕಂಗೆ ಬರ್ಬೇಕಾಗಿತ್ತು,” ಅಂದಳು ರೂಪ. “ಅಕ್ಕನೇ ಬ್ಯಾಡ ಅಂದ್ಬುಡ್ತು. ಯಾಕೆ ಅಂತ ಹೇಳ್ನೇ ಇಲ್ಲ. ನಿಮ್ಗೆ ಗೊತ್ತಾ?”

ರೂಪ ಹೊರಟ ಮೇಲೆ ಖಾಲಿ ಲೋಟಗಳನ್ನು ಒಳಗೆ ಒಯ್ದೆ. ಆಮೇಲೆ ಕೇಳಿದೆ.

“ಸಂಬಳಕ್ಕೊಂದು ಮಿತಿ ಐತೆ ಕಣವ್ವ,” ಅಂದಳು ಮಂಜುಳ, ಲೋಟ ತೊಳೆಯುತ್ತಾ. “ಅದಕ್ಕಿಂತ ಒಸಿ ಹೆಚ್ಚಾದ್ರೂ ಕಾರ್ಡು ಇರಾಕಿಲ್ಲ. ಸೂಪರ್‌ವೈಸರ್ ಆದ್ರೆ ಆ ಮಿತಿ ದಾಟ್ತದೆ. ಅವ್ರು ಹೆಚ್ಚಿಗೆ ಕೊಡೋ ದುಡ್ಡು ನಿನ್ನ ಒಂದು ಬಾಟ್ಲಿಗೂ ಆಗಾಕಿಲ್ಲ. ಯಾಕ್ ಬೇಕು?”

“ನಿಂಗೆ ಆಸೆ ಇರ್ಲಿಲ್ವಾ?”

ಅವಳು ಲೋಟ ಬೋರಲು ಹಾಕಿ ಕೈ ಒರೆಸಿಕೊಂಡಳು. “ಇತ್ತು,” ಅಂದಳು. “ಬುಡು. ಯುಗಾದಿ ಆದ್ಮೇಲೆ ಇನ್ನೊಂದು ಲೈನು ಶುರು ಮಾಡ್ತಾರಂತೆ. ಅವಾಗ ನೋಡಾಣ.”

ಆ “ಇತ್ತು” ಅನ್ನುವ ಮಾತು ನನ್ನೊಳಗೆ ನೆಟ್ಟುಕೊಂಡಿತು. ಯುಗಾದಿಗೆ ಮೊದಲು ನನ್ನ ಕಣ್ಣನ್ನು ಆ ಕಾರ್ಡಿನಿಂದ ಬಿಡಿಸಬೇಕು ಎಂದು ತೀರ್ಮಾನಿಸಿದೆ.

ಮಂಜುಳನಿಗೆ ಹೇಳದೆ ಬೇರೊಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಕಡಿಮೆ ಬೆಲೆಯದು ಏನಾದರೂ ಇದೆಯಾ ಎಂದು ಕೇಳಿದೆ. ಇದೆ, ಹಳೇ ಔಷಧ, ಬೆಲೆ ಬಹಳ ಕಡಿಮೆ ಅಂದರು. ಬರೆಯುವ ಮೊದಲು, “ನಿಮಗೆ ಅಸ್ತಮಾ ಇದೆಯಾ?” ಎಂದು ಕೇಳಿದರು. ಇಲ್ಲ ಅಂದೆ. ನಾನು ಸುಳ್ಳು ಹೇಳಲಿಲ್ಲ. ಚಳಿಗಾಲದಲ್ಲಿ ಎದೆ ಕುಯ್ ಅನ್ನುವುದು, ಮರದ ಹೊಟ್ಟು ಹಾರಿದ ದಿನ ಉಸಿರು ಸಿಕ್ಕಿಹಾಕಿಕೊಳ್ಳುವುದು ನನಗೆ ವರ್ಷಗಳಿಂದ ಇತ್ತು. ನಮ್ಮ ಕೆಲಸದವರಿಗೆಲ್ಲ ಇರುವ ಧೂಳಿನ ಕೆಮ್ಮು ಅದು. ಅದಕ್ಕೆ ಅಸ್ತಮಾ ಎಂಬ ಹೆಸರಿದೆಯೆಂದು ಯಾರೂ ನನಗೆ ಹೇಳಿರಲಿಲ್ಲ.

ಹೊಸ ಡ್ರಾಪ್ಸು ಹಾಕಿಕೊಂಡ ಮೊದಲ ದಿನಗಳಲ್ಲಿ ನನಗೆ ಸಂತೋಷವೋ ಸಂತೋಷ. ಮಗಳಿಗೆ ಯಾವಾಗ ಹೇಳಲಿ, ಹೇಗೆ ಹೇಳಲಿ ಎಂದು ಕೆಲಸ ಮಾಡುತ್ತಲೇ ಮಾತು ಜೋಡಿಸುತ್ತಿದ್ದೆ. ಕೆಮ್ಮು ಹೆಚ್ಚಿತ್ತು. ಹವಾ ಬದಲಾಗಿದೆ ಅಂದುಕೊಂಡೆ. ಒಂದು ಸಂಜೆ ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಅರ್ಧದಲ್ಲೇ ಉಸಿರು ನಿಂತಂತಾಯಿತು. ಕಂಬಿ ಹಿಡಿದು ಕೂತೆ. ಒಳಗೆ ಎಳೆದುಕೊಂಡ ಗಾಳಿ ಹೊರಗೆ ಹೋಗುತ್ತಿಲ್ಲ. ಯಾರೋ ಹೂವಿನ ಹೆಂಗಸು ಬೆನ್ನು ನೀವುತ್ತಾ, “ಯಾರ್ನಾದ್ರೂ ಕರೀರಪ್ಪ, ಈಯಮ್ಮನ ತುಟಿ ನೀಲಿ ಆಯ್ತಾವೆ,” ಎಂದು ಕೂಗುತ್ತಿದ್ದುದು ಕೇಳಿಸಿತು. ಬಾಯಿಬಿಟ್ಟು ಹೆಸರು ಹೇಳುವಷ್ಟು ಉಸಿರೂ ನನ್ನಲ್ಲಿರಲಿಲ್ಲ.

ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಮುಚ್ಚಳ ಹಾಕಿದ್ದರು. ಕಣ್ಣು ಬಿಟ್ಟಾಗ ಮಂಜುಳ ಕಾರ್ಖಾನೆಯ ಕೋಟಿನಲ್ಲೇ ಎದುರು ನಿಂತಿದ್ದಳು. ಕೈಯಲ್ಲಿ ನನ್ನ ಹೊಸ ಬಾಟ್ಲಿ. ನನ್ನ ಚೀಲದಲ್ಲಿ ಸಿಕ್ಕಿತ್ತು. ಉಬ್ಬಸವಿರುವವರಿಗೆ ಈ ಹನಿ ಆಗಿಬರುವುದಿಲ್ಲ, ಕಣ್ಣಿಗೆ ಹಾಕಿದರೂ ಎದೆಗೆ ಹೋಗುತ್ತದೆ ಎಂದು ಡಾಕ್ಟರು ಅವಳಿಗೆ ಹೇಳಿದ್ದರು.

ಅವಳು ರಜ ಹಾಕಿ ನನ್ನ ಜೊತೆ ಇದ್ದಳು. ವಾರ್ಡಿನಲ್ಲಿ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಎದುರು ಮಂಚದಲ್ಲಿದ್ದ ಅಜ್ಜಿ ತನಗೆ ಬಂದ ಗಂಜಿಯಲ್ಲಿ ಅರ್ಧ ಅವಳಿಗೆ ಕೊಟ್ಟು, ತಿನ್ನುವವರೆಗೆ ಬಿಡುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಮಂಜುಳನಿಗೆ ಕಾರ್ಖಾನೆಯಿಂದ ಫೋನು ಬಂತು. ಕಾರಿಡಾರಿಗೆ ಹೋಗಿ ಮಾತಾಡಿದಳು. ಬಾಗಿಲು ತೆರೆದೇ ಇತ್ತು.

“ಇಲ್ಲ ಸಾರ್. ಥ್ಯಾಂಕ್ಸ್ ಸಾರ್. ನಮ್ಮವ್ವಂಗೆ ಹುಷಾರಿಲ್ಲ, ಕಾರ್ಡು ಬೇಕು ಸಾರ್. ಬೇರೆಯೋರ್ಗೆ ಕೊಡಿ.”

ಹೊಸ ಲೈನು ಯುಗಾದಿಗಿಂತ ಮೊದಲೇ ಶುರುವಾಗಿತ್ತು. ಅವಳನ್ನು ಬಿಡಿಸಲು ನಾನು ಮಾಡಿದ ಕೆಲಸವೇ ಅವಳನ್ನು ಮತ್ತೆ ಕಟ್ಟಿಹಾಕಿತು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅವಳು ಬಂದು ಹೊದಿಕೆ ಸರಿಮಾಡಿ, “ನಿದ್ದೆ ಬಂತಾ ಅವ್ವ?” ಅಂದಳು. ಬಂತು ಅಂದೆ.

ಬಾಷಾ ಸಾಬ್ರು ನೋಡಲು ಬಂದದ್ದು ಅದರ ಮಾರನೇ ದಿನ. ಮುಸುಂಬಿ ತಂದಿದ್ದರು. ಮಂಜುಳ ಊಟ ತರಲು ಮನೆಗೆ ಹೋಗಿದ್ದಳು. ಏನಾಯಿತು ಎಂದು ಕೇಳಿದರು. ಅಷ್ಟು ವರ್ಷ ಅವರ ಹತ್ತಿರ ಕೆಲಸ ಮಾಡಿದ್ದರೂ ಡ್ರಾಪ್ಸಿನ ಬೆಲೆ, ದಿನ ಬಿಟ್ಟು ದಿನ ಹಾಕಿದ್ದು, ಏನನ್ನೂ ಹೇಳಿರಲಿಲ್ಲ. ಕೂಲಿ ಹೆಚ್ಚು ಕೇಳಲು ಕಥೆ ಕಟ್ಟುತ್ತಿದ್ದಾಳೆ ಅಂದುಕೊಂಡಾರು ಎಂಬ ನಾಚಿಕೆ. ಆ ದಿನ ಎಲ್ಲವನ್ನೂ ಹೇಳಿದೆ. ನಾಚಿಕೆಪಡಲು ಆಗ ಏನೂ ಉಳಿದಿರಲಿಲ್ಲ.

ಸಾಬ್ರು ಒಂದು ಮುಸುಂಬಿ ಸುಲಿದು ನನ್ನ ಕೈಗಿಟ್ಟರು. ಆಮೇಲೆ, “ನಾನೂ ಶುಗರ್ ಮಾತ್ರೆ ಅರ್ಧ ಮಾಡಿ ನುಂಗ್ತೀನಿ ಗೌರಮ್ಮ,” ಅಂದರು. “ಚೀನಾ ಗೊಂಬೆ ಬಂದ್ಮೇಲೆ ವ್ಯಾಪಾರ ಎಲ್ಲೈತೆ? ನಮ್ಮ ಮನೆಯೋಳ್ಗೂ ಬಿಪಿ. ಒಂದು ತಿಂಗ್ಳು ಅವಳು, ಒಂದು ತಿಂಗ್ಳು ನಾನು ಬಿಡ್ತೀವಿ. ಮಕ್ಳಿಗೆ ಹೇಳಿಲ್ಲ.”

ನಾವಿಬ್ಬರೂ ಒಂದೇ ಕಾರ್ಖಾನೆಯಲ್ಲಿ, ಒಬ್ಬರ ಎದುರಿಗೊಬ್ಬರು ಕೂತು, ಒಂದೇ ಅಂಗಡಿಗೆ ಬೇರೆ ಬೇರೆ ಹೊತ್ತಿಗೆ ಹೋಗಿ ಬಂದು, ತಂದ ಔಷಧವನ್ನು ಎಳೆದೆಳೆದು ಸಾಗಿಸಿದ್ದೆವು.

ಸಾಬ್ರು ವ್ಯಾಪಾರದವರು. ಎದ್ದು ಹೋಗುವಾಗ ನಿಂತು, “ಒಂದು ಯೋಚನೆ ಬರ್ತಾ ಐತೆ,” ಅಂದರು. “ನಮ್ಮ ಬುಗುರಿ ನಮ್ಮ ಕೈ ಬಿಟ್ಟಾಗ ಒಂದು ರೇಟು, ಬೆಂಗ್ಳೂರಲ್ಲಿ ಶೋರೂಮಲ್ಲಿ ಒಂದು ರೇಟು. ಮಾತ್ರೆನೂ ಹಂಗೇ ಇರ್ಬೇಕಲ್ಲ? ಕೇಳಾಣ.”

ನಾನು ಮನೆಗೆ ಬಂದು ಓಡಾಡುವಂತಾದ ಮೇಲೆ ಇಬ್ಬರೂ ಒಟ್ಟಿಗೆ ಹೋಗಿ ಕೇಳಿದೆವು. ಮೊದಲು ಬೆಂಗಳೂರಿನ ಡಾಕ್ಟರಮ್ಮನನ್ನು. ನನಗೆ ಆಗಿಬರುವ ಅದೇ ಹನಿಯನ್ನು ಬೇರೆ ಕಂಪನಿಯವರೂ ಮಾಡುತ್ತಾರೆ, ಅದು ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ ಅಂದರು. “ಕೊಳ್ಳಕ್ಕೆ ಕಷ್ಟ ಅಂತ ನೀವು ಒಂದು ಮಾತು ಹೇಳಬೇಕಿತ್ತು ಅಮ್ಮ,” ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ತಲೆ ತಗ್ಗಿಸಿದೆ. ಸಾಬ್ರ ಮತ್ತು ಅವರ ಮನೆಯವರ ಮಾತ್ರೆಗಳನ್ನೂ ನಮ್ಮೂರ ಡಾಕ್ಟರಿಗೆ ತೋರಿಸಿ ಹೀಗೆಯೇ ಬದಲಾಯಿಸಿಕೊಂಡೆವು.

ಆಮೇಲೆ ಪ್ರಕಾಶನ ಅಂಗಡಿ. ಆ ಕಂಪನಿಯ ಮಾಲು ಅವನ ಹತ್ತಿರ ಇರಲಿಲ್ಲ. ತರಿಸುವುದಕ್ಕೂ ಮನಸ್ಸಿರಲಿಲ್ಲ.

“ಅದ್ರಲ್ಲಿ ನಂಗೇನೂ ಗಿಟ್ಟಲ್ಲ ಸಾಬ್ರೇ. ಒಬ್ರಿಗೋಸ್ಕರ ಬಾಕ್ಸ್ ಓಪನ್ ಮಾಡುದ್ರೆ ಮಿಕ್ಕಿದ್ದು ಡೇಟ್ ಆಗೋಯ್ತದೆ.”

“ಒಬ್ರಲ್ಲ ಪ್ರಕಾಶಪ್ಪ,” ಅಂದರು ಸಾಬ್ರು. “ದಿನಾ ಸಂಜೆ ನಾಕು ಮಾತ್ರೆ ಕೇಳ್ತಾರಲ್ಲ, ಅವ್ರನ್ನೆಲ್ಲಾ ನಾನು ಮಾತಾಡಿಸ್ತೀನಿ. ಎಲ್ರೂ ತಿಂಗ್ಳ ಮೊದ್ಲು ಪೂರ್ತಿ ಶೀಟ್ ತಗೊಳ್ಳೋ ಹಂಗೆ ಮಾಡಿದ್ರೆ? ಸಾಲ ಇಲ್ಲ, ವಾಪಸ್ ಇಲ್ಲ. ನೀನು ಹೋಲ್‌ಸೇಲ್ ಮೇಲೆ ಒಸಿ ಇಟ್ಕೊಂಡು ಕೊಡು.”

ಪ್ರಕಾಶ ಕತ್ತರಿಯನ್ನು ಕೈಯಲ್ಲಿ ಆಡಿಸಿದ. “ಜನ ಬರ್ಲಿ, ನೋಡ್ತೀನಿ,” ಅಂದ.

ಜನರನ್ನು ಮಾತಾಡಿಸುವುದು ಸುಲಭವಾಗಿರಲಿಲ್ಲ. ಅಂಗಡಿಯ ಮುಂದೆ ನಿಂತು ನಾನು ಒಬ್ಬೊಬ್ಬರನ್ನೂ ಕೇಳಿದರೆ, “ನಮ್ಗೇನ್ ತೊಂದ್ರೆ ಇಲ್ಲ ಬುಡವ್ವ,” ಎಂದು ಸೆರಗಿನೊಳಗೆ ಮಾತ್ರೆ ಮುಚ್ಚಿಕೊಂಡು ಹೋಗುತ್ತಿದ್ದರು. ಅವರ ಮುಖದಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಆಮೇಲೆ ನಾನು ಅವರದನ್ನು ಕೇಳುವುದು ಬಿಟ್ಟು ನನ್ನದನ್ನು ಹೇಳತೊಡಗಿದೆ. ಕಾಸಿಲ್ಲದೆ ಡ್ರಾಪ್ಸು ಬಿಟ್ಟೆ, ಈ ಕಡೆ ಕಣ್ಣು ಹೋಯಿತು ಎಂದು ಬೀದಿಯಲ್ಲಿ ನಿಂತು ಹೇಳುವಾಗ ಮೊದಮೊದಲು ನೆಲ ನೋಡುತ್ತಿದ್ದೆ. ಆದರೆ ಅದನ್ನು ಕೇಳಿದವರು ನಿಲ್ಲುತ್ತಿದ್ದರು. ಕಡೆಗೆ ಅಷ್ಟಿಷ್ಟು ಜನ ಸೇರಿದರು. ತಿಂಗಳ ಮೊದಲಲ್ಲಿ ಸಾಬ್ರ ಕಾರ್ಖಾನೆಯಲ್ಲಿ ಕೂಡುತ್ತಿದ್ದೆವು. ಡಾಕ್ಟರ ಚೀಟಿ ತರುವುದು, ತಂದವರ ಮಾತ್ರೆಗೆ ಕಡಿಮೆ ಬೆಲೆಯದು ಇದೆಯಾ ಎಂದು ಡಾಕ್ಟರನ್ನೇ ಕೇಳುವುದು, ಪ್ರಕಾಶನಿಂದ ಒಟ್ಟಿಗೆ ತರಿಸುವುದು. ಇಷ್ಟೇ. ದೊಡ್ಡ ಕೆಲಸವೇನೂ ಅಲ್ಲ. ಕೆಲವರು ನಡುವೆ ಬಿಟ್ಟರು, ಕೆಲವರಿಗೆ ಆ ಬೆಲೆಯೂ ಎಟುಕಲಿಲ್ಲ. ಅಂಥವರದನ್ನು ಒಂದೊಂದು ತಿಂಗಳು ನಾವೇ ಹಂಚಿಕೊಂಡೆವು.

ಹೀಗೆ ನನ್ನ ಡ್ರಾಪ್ಸು ನನ್ನ ಕೂಲಿಯಲ್ಲೇ ಬರುವಂತಾಯಿತು. ಆ ಬಾಟ್ಲಿಯನ್ನು ಮಂಜುಳನ ಮುಂದೆ ಇಟ್ಟು, “ಇನ್ಮೇಲೆ ನಿನ್ನ ಕಾರ್ಡಿಲ್ಲದಿದ್ರೂ ನಡೀತದೆ. ಹೋಗಿ ಸೂಪರ್‌ವೈಸರ್ ಆಗ್ತೀನಿ ಅಂತ ಹೇಳು,” ಅಂದೆ.

ಅವಳು ಬಾಟ್ಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಎರಡು ಸಲ ಕೇಳುದ್ರು ಅವ್ವ. ಮೂರ್ನೇ ಸಲ ಯಾರು ಕೇಳ್ತಾರೆ? ಈಗ ಡಿಪ್ಲೊಮಾ ಮಾಡಿರೋರ್ನೇ ತಕ್ಕೊಳ್ಳೋದಂತೆ. ನಮ್ಮಂಥೋರ್ನ ಇನ್ಮೇಲೆ ಮಾಡಾಕಿಲ್ಲ.”

ಮುಂದೆ ಸರ್ಕಾರದವರು ಆ ಸಂಬಳದ ಮಿತಿಯನ್ನೇ ಹೆಚ್ಚಿಸಿದರು. ಅವಳು ಬಡ್ತಿ ಪಡೆದಿದ್ದರೂ ಕಾರ್ಡು ಮತ್ತೆ ಸಿಗುತ್ತಿತ್ತು. ಅಷ್ಟು ಹೊತ್ತಿಗೆ ರೂಪ ಎರಡು ಮೆಟ್ಟಿಲು ಮೇಲೆ ಹೋಗಿ ಪುಣೆಗೆ ತರಬೇತಿಗೆ ಹೋಗಿದ್ದಳು. ಮಂಜುಳ ಅದೇ ಲೈನಿನಲ್ಲಿ ನಿಂತು ವೈರು ಕಟ್ಟುತ್ತಿದ್ದಳು. ಸ್ವಲ್ಪ ಮುಂಚೆ ನಾನು ಬಾಯಿ ಬಿಟ್ಟಿದ್ದರೆ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಅಂಗಡಿಯಲ್ಲೇ ಇದಕ್ಕೆ ದಾರಿಯಿತ್ತು. ಈ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಬಿಪಿಯ ಮಾತ್ರೆ ಇಷ್ಟು ಅಗ್ಗಕ್ಕೆ ಸಿಗುತ್ತದೆಂದು ತಿಳಿದಾಗಿನಿಂದ ನನಗೆ ಲೋಕೇಶನ ಅಪ್ಪನ ನೆನಪು ಬರುತ್ತಲೇ ಇತ್ತು. ಒಂದು ರಜಾ ದಿನ ಬೆಳಗ್ಗೆಯೇ ಹೊರಟೆ. ರಾಮನಗರ, ಮಾಗಡಿ, ಅಲ್ಲಿಂದ ಕುದೂರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ, ಬಿಡದಿಯಲ್ಲಿ ಕಂಟ್ರಾಕ್ಟು ಕೆಲಸಕ್ಕಿದ್ದ ಲೋಕೇಶನ ಮನೆ ಯಾವುದು ಎಂದು ಕೇಳಿದೆ. ಬಿಡದಿಗೆ ಹೋದ ಲೋಕೇಶರು ಆ ಊರಿನಲ್ಲಿ ಬೇಕಾದಷ್ಟು ಜನ. ಈ ಲೋಕೇಶನ ಅಪ್ಪ ಎತ್ತರದವರು, ಟವಲಿನಲ್ಲಿ ಕಡ್ಲೆಕಾಯಿ ಕಟ್ಟಿಕೊಂಡು ಓಡಾಡುವವರು ಅಂದೆ. “ಓ, ಚಿಕ್ಕಹನುಮಯ್ಯನೋರಾ,” ಎಂದು ದಾರಿ ತೋರಿಸಿದರು. ಅವರ ಹೆಸರು ನನಗೆ ತಿಳಿದದ್ದು ಆಗ.

ಮನೆಯ ಮುಂದಿನ ಹಗ್ಗದ ಮಂಚದ ಮೇಲೆ ಅವರು ಒರಗಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅವರ ಹೆಂಡತಿ ಮೊರ ಬದಿಗಿಟ್ಟು ಎದ್ದು ಬಂದರು. ನಾನು ಯಾರೆಂದು ಹೇಳಿದೆ.

“ಮಾತ್ರೆ ಬುಟ್ಮೇಲೂ ಚೆನ್ನಾಗೇ ಇದ್ರು ಕಣವ್ವ,” ಅಂದರು ಆಕೆ. “ಹೊಲಕ್ಕೋಯ್ತಿದ್ರು, ಬತ್ತಿದ್ರು. ನೋಡು, ಮಾತ್ರೆ ಇಲ್ದೇನೂ ಆಯ್ತದೆ ಅಂತ ನಗಾಡೋರು. ದನಕ್ಕೆ ನೀರು ಕುಡುಸ್ತಾ ಇದ್ದಂಗೇ ಬಿದ್ದೋದ್ರು.”

ಚಿಕ್ಕಹನುಮಯ್ಯನವರಿಗೆ ನನ್ನ ಗುರುತು ಸಿಕ್ಕಿತು. ಸರಿಯಿದ್ದ ಕೈಯನ್ನು ಎತ್ತಿ ಮಂಚದ ಪಕ್ಕದ ಕಲ್ಲನ್ನು ತೋರಿಸಿ, ಕೂತ್ಕೋ ಎಂಬಂತೆ ಏನೋ ಅಂದರು. ಬಿಪಿಯ ಮಾತ್ರೆ ಅಗ್ಗಕ್ಕೆ ಸಿಗುತ್ತದೆ, ತಿಂಗಳು ತಿಂಗಳು ನಾನೇ ಬಸ್ಸಿನವರ ಕೈಯಲ್ಲಿ ಕಳಿಸುತ್ತೇನೆ, ಡಾಕ್ಟರ ಚೀಟಿ ಕೊಡಿ ಅಂದೆ. ಆಕೆ ಒಳಗೆ ಹೋಗಿ ಚೀಟಿ ತಂದುಕೊಟ್ಟರು. ಇನ್ನೊಂದು ಸಲ ಹೀಗಾಗದಂತೆ ಮಾತ್ರೆ ತಪ್ಪಿಸಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ನನಗೆ ರಾಗಿರೊಟ್ಟಿ ಬಡಿಸಿ, ತಿಂದು ಮುಗಿಯುವವರೆಗೆ ಪಕ್ಕದಲ್ಲೇ ಕೂತಿದ್ದರು. “ಇದನ್ನ ಮುಂಚೇನೇ ಯಾರಾರ ಹೇಳಿದ್ರೆ ಆಗಿರಾದು,” ಎಂದರು. ನನ್ನನ್ನು ಬೈಯಲು ಹೇಳಿದ್ದಲ್ಲ. ಅಷ್ಟು ಹೇಳಿ ಮತ್ತೆ ಮೊರ ಎತ್ತಿಕೊಂಡರು.

ವಾಪಸು ಬರುವಾಗ ಸಂಜೆಯಾಗಿತ್ತು. ಮಬ್ಬುಗತ್ತಲಾದರೆ ನನಗೆ ಏನೂ ಕಾಣುವುದಿಲ್ಲವೆಂದು ಮಂಜುಳ ಚನ್ನಪಟ್ಟಣದ ಬಸ್ ಸ್ಟ್ಯಾಂಡಿಗೆ ಬಂದು ಕಾಯುತ್ತಿದ್ದಳು. ಮನೆಯ ಕಡೆ ನಡೆಯುತ್ತಾ ಚಿಕ್ಕಹನುಮಯ್ಯನವರ ಸ್ಥಿತಿ ಹೇಳಿದೆ. ಅವಳು ನನ್ನ ಎಡಗೈ ಹಿಡಿದುಕೊಂಡಿದ್ದಳು. ಮನಸ್ಸಿನಲ್ಲಿ ಎಷ್ಟೋ ದಿನದಿಂದ ಕೂತಿದ್ದ ಮಾತು ಆಗ ನನ್ನ ಬಾಯಿಗೆ ಬಂತು.

“ಮೊದಲ್ನೇ ಸಲ ನಿನ್ನ ಕೇಳಿದ್ರಲ್ಲ ಮಗ, ಅವತ್ತೇ ನಂಗೆ ಯಾಕ್ ಹೇಳ್ನಿಲ್ಲ? ಹೇಳಿದ್ರೆ ಇಬ್ರೂ ಸೇರಿ ಏನಾದ್ರೂ ದಾರಿ ನೋಡ್ಬೋದಿತ್ತು.”

ಅವಳು ನನ್ನನ್ನು ದಾರಿಯ ಗುಂಡಿಯೊಂದರಿಂದ ಪಕ್ಕಕ್ಕೆ ಎಳೆದುಕೊಂಡಳು.

“ಬಾಟ್ಲಿ ಖಾಲಿ ಆದಾಗ ನೀನು ನಂಗೆ ಹೇಳಿದ್ಯಾ ಅವ್ವ?” ಅಂದಳು.

ಕೋಪದಿಂದ ಹೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು.  ಎದುರಿನಿಂದ ಒಂದು ಲಾರಿ ಬಂತು. ಅವಳು ನನ್ನ ಎಡಗೈ ಬಿಟ್ಟು, ಹಿಂದಿನಿಂದ ಬಳಸಿ ಬಂದು, ನನಗೆ ಕಾಣದ ಬಲಗಡೆಯಲ್ಲಿ ತೋಳು ಹಿಡಿದುಕೊಂಡಳು.